ಹಂಚಿನ ಮಾಡಿನ ಮೀನು: ಪ್ರದರ್ಶನಕ್ಕೆ 14ನೇ ಚಿತ್ರ

ಹಂಚಿನ ಮೀನು ಕೊನೆಗೂ ಮುಗಿಯಿತು. ಪ್ರದರ್ಶನಕ್ಕೆ 18 ಚಿತ್ರ ಇಡಬೇಕು ಅಂತ ಇದ್ದೇನೆ, ಇದು 14ನೆಯದು. ಮೇ ತಿಂಗಳಲ್ಲಿ ಶುರು ಮಾಡಿದ್ದು. ಮೂರು ಸಲ ಮೊದಲಿನಿಂದ ಬಿಡಿಸಿದೆ.

ಚಿತ್ರ ಇಷ್ಟೇ. ಮಂಗಳೂರಿನ ಜೆಪ್ಪು ಕಡೆಯ ಒಂದು ಹಳೇ ಮನೆ. ಜೋರು ಮಳೆ, ಅಂಗಳ ತುಂಬಿದೆ. ಮನೆಯ ಮಾಡೇ (ಛಾವಣಿಯೇ) ಒಂದು ದೊಡ್ಡ ಮೀನು, ಹಂಚುಗಳೇ ಅದರ ಹುರುಪೆ. ಬಾಸೆಲ್ ಮಿಷನ್ ಅನ್ನುವ ಸ್ವಿಸ್ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಜೆಪ್ಪುವಿನಲ್ಲೇ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ಸುಟ್ಟು ಮಾಡಿದ ಹಂಚುಗಳು. ಆ ಮಣ್ಣಿಗೆ ಮಳೆಗಾಲದಲ್ಲಿ ಮತ್ತೆ ಹೊಳೆಗೆ ಹೋಗಬೇಕು ಅನಿಸಿದರೆ? ಅಲ್ಲಿಂದ ಹುಟ್ಟಿದ್ದು ಈ ಮೀನು.

ಮೊದಲ ಸಲ ಮೀನನ್ನು ಅಡ್ಡ ಮಲಗಿಸಿದ್ದೆ. ಎಡಕ್ಕೆ ತಲೆ, ಬಲಕ್ಕೆ ಬಾಲ. ನೋಡಲು ಚೆನ್ನಾಗಿಯೇ ಇತ್ತು, ಆದರೆ ಏನೋ ಸರಿಯಿಲ್ಲ. ಮಳೆಗೆ ಮೊದಲು ನಮ್ಮ ಮನೆಯ ಹಂಚು ಸರಿ ಮಾಡಲು ಬಂದವರಿಗೆ ಸುಮ್ನೆ ತೋರಿಸಿದೆ. "ಹೀಗೆ ಹೊದಿಸಿದರೆ ನೀರು ಒಳಗೆ ಬರ್ತದೆ" ಅಂದರು. ಹೌದಲ್ವಾ! ಮೇಲಿನ ಹಂಚಿನ ಅಂಚು ಕೆಳಗಿನ ಹಂಚಿನ ಮೇಲೆ ಕೂರುತ್ತದೆ. ಮೀನಿನಲ್ಲೂ ಹಾಗೆಯೇ, ತಲೆ ಕಡೆಯ ಹುರುಪೆ ಬಾಲದ ಕಡೆಯದನ್ನು ಮುಚ್ಚುತ್ತದೆ. ಅಂದರೆ ತಲೆ ಮಾಡಿನ ತುದಿಯಲ್ಲಿ, ಬಾಲ ಇಳಿಜಾರಿನ ಕೆಳಗೆ ಇರಬೇಕು. ಹಾಗೆ ತಿರುಗಿಸಿದ ಕೂಡಲೇ ಇಡೀ ಚಿತ್ರಕ್ಕೆ ಜೀವ ಬಂತು. ಬಾಲ ಅಂಗಳದ ನೀರಿಗೆ ಮುಟ್ಟಿತು, ತಲೆ ಮಳೆಯ ಕಡೆ ಎದ್ದು ನಿಂತಿತು. ಈಗ ಮೀನು ಮಳೆಯನ್ನೇ ಹತ್ತುತ್ತಿದೆ.

ಎರಡನೇ ಸಲ ಕಾಗದ ಕೈಕೊಟ್ಟಿತು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ, ಜೂನ್ ಪೂರ್ತಿ ಕಪಾಟಿನಲ್ಲಿತ್ತು. ಇಲ್ಲಿನ ತೇವಕ್ಕೆ ಮೇಲಿನ ಅಂಟಿನ ಲೇಪ ಹಾಳಾಗಿ, ಬಣ್ಣ ಅಲ್ಲಲ್ಲಿ ಒತ್ತುಕಾಗದಕ್ಕೆ ಬಿದ್ದಂತೆ ಇಂಗಿತು. ಆಕಾಶದ ತುಂಬ ಕಲೆ. ಈಗ ಕಾಗದವೆಲ್ಲ ಗಾಳಿಯಾಡದ ಡಬ್ಬದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆಗೆ.

ಇನ್ನೊಂದು ತೊಡಕು, ನಾನು ಬಿಡಿಸಿದ್ದು ಬಂಗುಡೆ. ಅದರ ಹುರುಪೆ ಕಣ್ಣಿಗೇ ಕಾಣದಷ್ಟು ಸಣ್ಣ. ಹಂಚಿಗೆ ಬೇಕಾದದ್ದು ಕೆಂಬೇರಿ. ಬಣ್ಣವೂ ಕೆಂಪು, ಹುರುಪೆಯೂ ದೊಡ್ಡದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಹಾಗಾಗಿ ಆಗಸ್ಟ್‌ವರೆಗೆ ಕಾದೆ. ದಕ್ಕೆಗೆ (ಮೀನುಗಾರಿಕೆ ಬಂದರಿಗೆ) ಹೋಗಿ ಒಂದು ಇಡೀ ಕೆಂಬೇರಿ ತಂದೆ, ಹುರುಪೆ ತೆಗೆಯಬೇಡಿ ಅಂತ ಎರಡೆರಡು ಸಲ ಹೇಳಿ. ಎರಡು ಗಂಟೆ ನೋಡುತ್ತಾ ಬಿಡಿಸಿದೆ. ಬಾಲದ ಹತ್ತಿರ ಹುರುಪೆ ಸಣ್ಣದಾಗುತ್ತಾ ಹೋಗುತ್ತದೆ. ಹಂಚು ಹಾಗಲ್ಲ, ಒಂದೇ ಅಚ್ಚಿನಿಂದ ಬಂದದ್ದು. ನಾನು ಹಂಚಿನ ಅಳತೆಯನ್ನೇ ಉಳಿಸಿಕೊಂಡೆ. ಮಾಡು ಮೀನಾಗಿದೆ ಅನ್ನುವ ಒಂದು ಸುಳ್ಳನ್ನು ನೋಡುವವರು ನಂಬಬೇಕಾದರೆ, ಉಳಿದದ್ದೆಲ್ಲ ನಿಜ ಇರಬೇಕು. ಜಂತಿ, ದಳಿ, ಅಂಗಳದ ತುಳಸಿಕಟ್ಟೆ ಎಲ್ಲವೂ.

ನಾನು ಚಿತ್ರಕಲೆ ಶಾಲೆಗೆ ಹೋದವಳಲ್ಲ. ಧೈರ್ಯ ಕಡಿಮೆಯಾದಾಗ ರವೀಂದ್ರನಾಥ ಟಾಗೋರರ ಚಿತ್ರಗಳನ್ನು ನೋಡುತ್ತೇನೆ. ಅವರೂ ಶಾಲೆಯಲ್ಲಿ ಕಲಿತವರಲ್ಲ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಸೇರಿಸುತ್ತಾ ಎಲ್ಲೂ ಇಲ್ಲದ ಪ್ರಾಣಿಗಳನ್ನು ಮಾಡಿದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ಆದಾಗ ಅವರಿಗೆ 70ರ ಹತ್ತಿರ.

ಫ್ರೇಮಿನ ಕೆಲಸ ಅರ್ಧ ಆಗಿದೆ. ಮೊದಲು ಕೊಟ್ಟ ಕಡೆ ಗಾಜನ್ನು ಚಿತ್ರಕ್ಕೇ ತಾಗಿಸಿ ಕೂರಿಸಿದ್ದರು. ನಮ್ಮ ಹವೆಯಲ್ಲಿ ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಎಲ್ಲ ಬಿಚ್ಚಿಸಿ, ಗಾಜು ಚಿತ್ರಕ್ಕೆ ತಾಗದ ಹಾಗೆ ಮಧ್ಯೆ ಮೌಂಟ್ ಬೋರ್ಡ್ (ಅಂಚಿನ ಸುತ್ತ ಕೂರುವ ದಪ್ಪ ರಟ್ಟು) ಹಾಕಿಸುತ್ತಿದ್ದೇನೆ.

ಮುಂದಿನದು ಹುಲಿವೇಷದ ಚಿತ್ರ. ದಸರಾ ಮುಗಿಸಿ ಮನೆಗೆ ಬಂದ ಹುಲಿ, ತನ್ನ ಪಟ್ಟೆಗಳನ್ನು ಒಗೆದು ಹಗ್ಗಕ್ಕೆ ಒಣಹಾಕಿದೆ. ಪೆನ್ಸಿಲ್ ಕೆಲಸ ಆಯಿತು. ಪಟ್ಟೆಗಳ ತುದಿಯಿಂದ ನೀರು ತೊಟ್ಟಿಕ್ಕಬೇಕು. ಆ ನೀರು ಕಪ್ಪೋ ಹಳದಿಯೋ, ಇನ್ನೂ ಯೋಚಿಸುತ್ತಿದ್ದೇನೆ.