ಜಗಲಿಯ ಸದ್ದು

ರಜೆಗೆ ಕುಂಬಳೆಗೆ ಬಂದವಳು ಅಜ್ಜಿ ಅಡಿಕೆ ಸುಲಿಯುವುದನ್ನು ಶೂಟ್ ಮಾಡಿದೆ. ಮೂರು ನಿಮಿಷದ ಡಾಕ್ಯುಮೆಂಟರಿ, ಕಾಲೇಜಿಗೆ ಕೊಡಬೇಕು. ಚಿತ್ರ ಚೆನ್ನಾಗಿಯೇ ಬಂತು. ಸೆಕೆಂಡಿಗೆ 25 ಫ್ರೇಮ್, ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್ ಇಟ್ಟಿದ್ದೆ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು ಅಲ್ವಾ, ಶಟರ್ ಅದಕ್ಕೆ ಹೊಂದಿತು, ಹಾಗಾಗಿ ಟ್ಯೂಬ್‌ಲೈಟ್ ಮಿಣುಕಲಿಲ್ಲ.

ತೊಂದರೆ ಆದದ್ದು ಸೌಂಡಿನಲ್ಲಿ. ಅಜ್ಜಿಯ ಒಂದು ಮಾತು ಕತ್ತರಿಸಿ ಇನ್ನೊಂದಕ್ಕೆ ಜೋಡಿಸಿದರೆ ನಡುವೆ ಏನೂ ಇಲ್ಲ, ಖಾಲಿ. ನಿಜವಾಗಿ ಆ ಜಗಲಿ ಯಾವತ್ತು ಖಾಲಿ ಇತ್ತು? ಗಾಳಿಗೆ ಉಜ್ಜಿಕೊಳ್ಳುವ ಅಡಿಕೆ ಸೋಗೆ, ದೂರದಲ್ಲಿ ಮಂಗಳೂರಿನ ಕಡೆ ಹೋಗುವ ರೈಲು, ಪಕ್ಕದ ಮನೆಯ ಮಲಯಾಳ ರೇಡಿಯೊ, ಹಟ್ಟಿಯಲ್ಲಿ ದನದ ಗಂಟೆ, ಇವೆಲ್ಲ ನಾನು ಹುಟ್ಟಿದಾಗಿನಿಂದ ಕೇಳಿದ್ದು, ಅದಕ್ಕೇ ಕಿವಿಗೆ ಬಿದ್ದೇ ಇಲ್ಲ. ಇದಕ್ಕೆ ರೂಮ್ ಟೋನ್ ಅಂತಾರೆ. ಯಾರೂ ಮಾತಾಡದೆ ಒಂದು ನಿಮಿಷ ಆ ಜಾಗದ ಸದ್ದನ್ನೇ ರೆಕಾರ್ಡ್ ಮಾಡಿಕೊಂಡು, ಮಾತುಗಳ ನಡುವಿನ ಖಾಲಿಗೆ ತುಂಬಬೇಕು. ಕ್ಲಾಸಿನಲ್ಲಿ ಹೇಳಿದ್ದರು, ಮರೆತಿದ್ದೆ.

ಮರುದಿನ, "ಅಜ್ಜಿ, ಒಂದು ನಿಮಿಷ ಸುಮ್ನೆ ಕೂತ್ಕೊಳ್ಳಿ" ಅಂದೆ.

"ಎಂತಕ್ಕೆ ಮಗಾ?"

"ಮನೆಯ ಸದ್ದು ಬೇಕು."

ಅಜ್ಜಿ ಕತ್ತಿ ಬದಿಗಿಟ್ಟು ಕಣ್ಣು ಮುಚ್ಚಿ ಕೂತರು. ಆಮೇಲೆ ಹೆಡ್‌ಫೋನ್ ಅವರ ಕಿವಿಗೆ ಹಾಕಿ ಅದನ್ನೇ ಕೇಳಿಸಿದೆ. ಮುಗಿದ ಮೇಲೂ ತೆಗೆಯಲು ಬಿಡಲಿಲ್ಲ, ಇನ್ನೊಮ್ಮೆ ಹಾಕು ಅಂದರು.