ಗ್ರಿಡ್ಡಿಗೆ ಕೂರದ ಏಟು

ನನ್ನ ಕೆಲಸ ಸೌಂಡ್ ಎಡಿಟಿಂಗ್. ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಬೆಳಗ್ಗೆ ಹತ್ತಕ್ಕೆ ಕೂತರೆ ರಾತ್ರಿವರೆಗೂ ಬೇರೆಯವರು ಹಾಡಿದ್ದನ್ನು, ಬಾರಿಸಿದ್ದನ್ನು ಸರಿ ಮಾಡುತ್ತಿರುತ್ತೇನೆ. ಸ್ಕ್ರೀನ್ ತುಂಬ ಉದ್ದುದ್ದ ಗೆರೆಗಳು. ಅದಕ್ಕೆ ಗ್ರಿಡ್ ಅಂತೀವಿ. ಪ್ರತಿ ಏಟೂ ಆ ಗೆರೆಯ ಮೇಲೇ ಬೀಳಬೇಕು. ತಡವಾಗಿ ಬಿದ್ದಿದ್ದನ್ನು ಎಳೆಯೋದು, ಬೇಗ ಬಿದ್ದಿದ್ದನ್ನು ತಳ್ಳೋದು. ಕ್ವಾಂಟೈಸ್ ಅನ್ನೋ ಬಟನ್ ಒತ್ತಿದರೆ ಎಲ್ಲಾ ಏಟುಗಳೂ ಒಂದೇ ಸಲಕ್ಕೆ ಸಾಲಾಗಿ ನಿಂತುಬಿಡುತ್ತವೆ.

ಹೋದ ವರ್ಷ ಒಂದು ಜಾನಪದ ಹಾಡಿಗೆ ತಮಟೆ ರೆಕಾರ್ಡ್ ಮಾಡಿದೆವು. ಬಾರಿಸಲು ಬಂದಿದ್ದ ಅಣ್ಣನಿಗೆ ಐವತ್ತು ದಾಟಿತ್ತು. ಎಸಿ ರೂಮಿನಲ್ಲಿ ಚರ್ಮ ಸಡಿಲ ಆಯ್ತು ಅಂತ ಎರಡು ಸಲ ಪಾರ್ಕಿಂಗ್ ಜಾಗಕ್ಕೆ ಹೋಗಿ, ಹಳೇ ಪೇಪರ್ ಉರಿಸಿ ತಮಟೆ ಕಾಯಿಸಿಕೊಂಡು ಬಂದರು. ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಉದ್ದನೆ ಕಡ್ಡಿ. ನಾಲ್ಕು ನಿಮಿಷ ಒಂದೇ ಉಸಿರಿಗೆ ಬಾರಿಸಿದರು. ಕೇಳ್ತಾ ಇದ್ದ ನಮಗೆಲ್ಲ ಕಾಲು ನಿಲ್ಲಲಿಲ್ಲ.

ಆಮೇಲೆ ಹಾಡಿನ ಮಾಲೀಕರು 'ಸ್ವಲ್ಪ ಕ್ಲೀನ್ ಮಾಡಿ' ಅಂದರು. ನಾನು ಮಾಡಿದೆ. ತೆಳ್ಳನೆ ಕಡ್ಡಿಯ ಏಟುಗಳು ಗೆರೆಗಿಂತ ಇಪ್ಪತ್ತು, ಇಪ್ಪತ್ತೈದು ಮಿಲಿಸೆಕೆಂಡ್ ಮುಂಚೆ ಬೀಳುತ್ತಿದ್ದವು. ಎಲ್ಲಾ ತಳ್ಳಿ ಗ್ರಿಡ್ಡಿಗೆ ಕೂರಿಸಿದೆ. ಸಂಬಳ ತಗೊಳ್ಳಲು ಬಂದ ಅಣ್ಣ ಹೆಡ್‌ಫೋನ್ ಹಾಕಿಕೊಂಡು ಅರ್ಧ ನಿಮಿಷ ಕೇಳಿದರು. 'ಸಾ, ಇದು ನಾನೇ ಬಡ್ದಿದ್ದಾ?' ಅಂದರು. ಕೋಪ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಅವತ್ತು ರಾತ್ರಿ ಮನೆಗೆ ಹೋಗಿ, ಅಮೆರಿಕದಲ್ಲಿ ಹಿಪ್ ಹಾಪ್ ಬೀಟುಗಳನ್ನು ಮಾಡುತ್ತಿದ್ದ ಜೆ ಡಿಲ್ಲಾನ 'ಡೋನಟ್ಸ್' ಹಾಕಿದೆ. ಕಾಲೇಜಿನಿಂದ ಕೇಳುತ್ತಾ ಬಂದಿರುವ ಆಲ್ಬಂ. ಆದರೆ ಅದು ನನಗೆ ಯಾಕೆ ಬೇಕು ಅಂತ ಸರಿಯಾಗಿ ಗೊತ್ತಾಗಿದ್ದು ಅವತ್ತೇ.

ಈ ಆಲ್ಬಂ ಬಗ್ಗೆ ಬರೆಯುವವರೆಲ್ಲ ಸಾವಿನಿಂದಲೇ ಶುರು ಮಾಡುತ್ತಾರೆ. ಡಿಲ್ಲಾ, ಅಂದರೆ ಡೆಟ್ರಾಯ್ಟಿನ ಜೇಮ್ಸ್ ಯಾನ್ಸಿ, ಅಪರೂಪದ ರಕ್ತದ ಕಾಯಿಲೆಯಿಂದ ನರಳುತ್ತಿದ್ದ. 2006ರ ಫೆಬ್ರವರಿ 7ರಂದು, ಅವನ 32ನೇ ಹುಟ್ಟುಹಬ್ಬದ ದಿನ, ಸ್ಟೋನ್ಸ್ ಥ್ರೋ ಕಂಪನಿ ಆಲ್ಬಂ ಹೊರತಂದಿತು. ಮೂರು ದಿನಕ್ಕೆ ಅವನು ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡ. ಹಾಗಾಗಿ 'ಆಸ್ಪತ್ರೆ ಮಂಚದ ಮೇಲೆ ಮಾಡಿದ ಆಲ್ಬಂ' ಅನ್ನೋ ಮಾತು ಅದಕ್ಕೆ ಅಂಟಿಕೊಂಡಿದೆ. ಆಸ್ಪತ್ರೆಯಲ್ಲೂ ಅವನು ಕೆಲಸ ಮಾಡಿದ್ದು ನಿಜ. ಆದರೆ ಆಲ್ಬಮ್ಮಿನ ಬೇರು ಅದಕ್ಕೂ ಮುಂಚೆ ಅವನು ಮಾಡಿ ಹಂಚಿದ್ದ, ಬರೀ ಬೀಟುಗಳೇ ಇದ್ದ ಒಂದು ಸಿಡಿ. ಸಾವಿನ ಕಥೆ ಕೇಳಿಕೊಂಡು ಆಲ್ಬಮ್ಮಿಗೆ ಹೋದವರಿಗೆ ಎಲ್ಲಾ ಕಡೆ ಬೀಳ್ಕೊಡುಗೆಯೇ ಕೇಳಿಸುತ್ತದೆ. ನನಗೆ ಕೇಳಿಸೋದು ಒಬ್ಬ ಕೆಲಸಗಾರನ ಖುಷಿ. ಇಷ್ಟೊಂದು ನಗು, ಇಷ್ಟೊಂದು ಕೀಟಲೆ ಇರುವ ಹಿಪ್ ಹಾಪ್ ಆಲ್ಬಂ ಇನ್ನೊಂದನ್ನು ನಾನು ಕೇಳಿಲ್ಲ.

ಒಟ್ಟು 31 ತುಣುಕುಗಳು, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ರ‍್ಯಾಪ್ ಮಾಡುವವರು ಯಾರೂ ಇಲ್ಲ. ಹೆಚ್ಚಾಗಿ ಹಳೇ ಸೋಲ್ (ಅಮೆರಿಕದ ಕಪ್ಪು ಜನರ ಹಾಡಿನ ಒಂದು ಶೈಲಿ) ರೆಕಾರ್ಡುಗಳಿಂದ ಕತ್ತರಿಸಿಕೊಂಡ ಚೂರುಗಳು, ಅದಕ್ಕೆ ಡ್ರಮ್. 'ಡೋಂಟ್ ಕ್ರೈ' ಅನ್ನೋದನ್ನೇ ತಗೊಳ್ಳಿ. ದಿ ಎಸ್ಕಾರ್ಟ್ಸ್ ಅನ್ನೋ ತಂಡದ ಹಾಡೊಂದನ್ನು ಮೊದಲು ಇದ್ದ ಹಾಗೇ ಕೇಳಿಸುತ್ತಾನೆ. ನೋಡಿ, ನನ್ನ ಹತ್ತಿರ ಇರೋ ಸಾಮಾನು ಇಷ್ಟು, ಅಂತ ಮುಂದೆ ಹರವಿಟ್ಟ ಹಾಗೆ. ಆಮೇಲೆ ಅದೇ ಹಾಡನ್ನು ಚೂರು ಚೂರು ಮಾಡಿ ಬೇರೆ ಸಾಲಿನಲ್ಲಿ ಜೋಡಿಸುತ್ತಾನೆ. ಒಬ್ಬರ ದನಿ ಅರ್ಧಕ್ಕೆ ನಿಲ್ಲುತ್ತದೆ, ಅಲ್ಲಿಗೆ ಇನ್ನೊಂದು ದನಿಯ ಬಾಲ ಬಂದು ಸೇರಿಕೊಳ್ಳುತ್ತದೆ. ಕತ್ತರಿಸಿದ ಜಾಗ ಎಲ್ಲೂ ಮುಚ್ಚಿಟ್ಟಿಲ್ಲ. ಕತ್ತರಿ ಹಾಕಿದ ಜಾಗ ಕೇಳಿಸಬಾರದು ಅನ್ನೋದು ನನಗೆ ಮೊದಲ ದಿನ ಕಲಿಸಿದ ಪಾಠ. ಇಲ್ಲಿ ಅದೇ ಜಾಗದಲ್ಲಿ ಎದೆ ಝಲ್ ಅನ್ನುತ್ತದೆ. ಇದು ಅಮ್ಮನಿಗೆ ಹೇಳಿದ 'ಅಳಬೇಡ' ಅಂತ ಅರ್ಥ ಮಾಡುವವರಿದ್ದಾರೆ. ಇರಬಹುದು. ಆ ಅರ್ಥ ಇಲ್ಲದೆಯೂ ನನಗೆ ಗಂಟಲು ಕಟ್ಟುತ್ತದೆ.

ಇನ್ನು ಲಯ. ಚಿಕ್ಕವನಿದ್ದಾಗ ನಾಲ್ಕು ವರ್ಷ ಮೃದಂಗ ಕಲಿತೆ. ತಾಳ ಬಿಡದೆ ಅದರ ಒಳಗೇ ಸ್ವಲ್ಪ ಹಿಂದೆ ಮುಂದೆ ಆಡಬಹುದು ಅಂತ ಮೇಷ್ಟ್ರು ನುಡಿಸಿ ತೋರಿಸುತ್ತಿದ್ದರು. ಅವರ ಎಡಗೈ ಸೋಮಾರಿಯ ಥರ ತಡವಾಗಿ ಬಂದು, ಸಮಕ್ಕೆ, ಅಂದರೆ ತಾಳ ಶುರುವಾಗುವ ಏಟಿಗೆ, ಮಾತ್ರ ಸರಿಯಾಗಿ ಬಂದು ಕೂರುತ್ತಿತ್ತು. ಡಿಲ್ಲಾ ಇದನ್ನು ಒಂದು ಮಷೀನಿನಲ್ಲಿ ಮಾಡಿದ. ಅಕಾಯ್ ಎಂಪಿಸಿ 3000 ಅನ್ನೋ ಡ್ರಮ್ ಮಷೀನಿನಲ್ಲೂ ಏಟುಗಳನ್ನು ಗೆರೆಗೆ ಕೂರಿಸುವ ಸೌಲಭ್ಯ ಇದೆ. ಅವನು ಅದನ್ನು ಬೇಕಾದ ಕಡೆ ಆಫ್ ಮಾಡಿ ಬೆರಳಲ್ಲೇ ನುಡಿಸಿದ, ಬೇಕಾದ ಕಡೆ ಒಂದೊಂದು ಡ್ರಮ್ಮನ್ನು ಬೇಕಂತಲೇ ಚೂರು ಸರಿಸಿದ. ಚಟ್ ಅನ್ನೋ ಸ್ನೇರ್ ಡ್ರಮ್ ಸ್ವಲ್ಪ ಅವಸರದಲ್ಲಿದ್ದರೆ, ಧಂ ಅನ್ನೋ ಕಿಕ್ ಡ್ರಮ್ ಎಡವಿದ ಹಾಗಿರುತ್ತದೆ. ತಲೆ ತಾನಾಗಿ ತೂಗುತ್ತದೆ. ಆಮೇಲೆ ಮನುಷ್ಯರೇ ಡ್ರಮ್ ಸೆಟ್ಟಿನಲ್ಲಿ ಕೂತು ಈ ಮಷೀನಿನ ನಡಿಗೆ ಕಲಿಯಲು ಶುರು ಮಾಡಿದರು. 'ಡೋನಟ್ಸ್'ಗೂ ಮುಂಚೆ, 2000ದಲ್ಲೇ ಬಂದ ಗಾಯಕ ಡಿ'ಏಂಜೆಲೊನ 'ವೂಡೂ' ಆಲ್ಬಂ ಕೇಳಿದರೆ ಗೊತ್ತಾಗುತ್ತದೆ. ಡಿಲ್ಲಾನ ಆ ಎಂಪಿಸಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ.

ಹಾಗಂತ ಎಲ್ಲಾ 31ನ್ನೂ ಒಪ್ಪಿಕೊಳ್ಳೋಕೆ ಆಗಲ್ಲ. 'ಗ್ಲೇಜ್ಡ್' ನನಗೆ ಇವತ್ತಿಗೂ ತಲೆನೋವು. ಒಂದೇ ಕಹಳೆಯ ಕಿರುಚಾಟ ಸುತ್ತಿ ಸುತ್ತಿ ಬರುತ್ತದೆ, ಎಲ್ಲಿಗೂ ಹೋಗೋದಿಲ್ಲ. 'ವೇವ್ಸ್' ಇನ್ನೇನು ಅರಳಬೇಕು, ಅಷ್ಟರಲ್ಲಿ ಮುಗಿಯುತ್ತದೆ. ಇವು ಬರೀ ಕರಡು ಅಂತ ಕೆಲವರು ತಳ್ಳಿಹಾಕುತ್ತಾರೆ. ಹತ್ತಕ್ಕೆ ಎರಡು ಮೂರು ತುಣುಕಿನ ವಿಷಯದಲ್ಲಿ ಅವರ ಮಾತು ಸರಿ. ಆದರೆ ಆಲ್ಬಮ್ಮನ್ನು ಒಂದೇ ಸಮನೆ ಕೇಳಬೇಕು. ಮೊದಲ ತುಣುಕಿನ ಹೆಸರೇ 'ಔಟ್ರೋ', ಅಂದರೆ ಮುಕ್ತಾಯ; ಕೊನೆಯದರ ಹೆಸರು 'ಇಂಟ್ರೋ', ಅಂದರೆ ಶುರು. ಕೊನೆಯದು ಮುಗಿಯೋ ಜಾಗಕ್ಕೆ ಮೊದಲನೆಯದು ಬಂದು ಸರಿಯಾಗಿ ಸೇರುತ್ತದೆ. ರಿಪೀಟ್ ಹಾಕಿಬಿಟ್ಟರೆ ಎಲ್ಲಿ ಶುರು ಎಲ್ಲಿ ಕೊನೆ ಅಂತ ಮರೆತೇ ಹೋಗುತ್ತದೆ.

ಡಿಜೆ ಶ್ಯಾಡೋನ 1996ರ ಆಲ್ಬಂ 'ಎಂಡ್‌ಟ್ರೊಡ್ಯೂಸಿಂಗ್' ಜೊತೆ ಇದನ್ನು ಇಟ್ಟು ನೋಡುವವರು ಜಾಸ್ತಿ. ಅದೂ ಪೂರ್ತಿ ಹಳೇ ರೆಕಾರ್ಡಿನ ಚೂರುಗಳಿಂದಲೇ ಮಾಡಿದ್ದು. ಅದರ ಮೇಲೆ ನನಗೆ ಗೌರವ ಇದೆ, ಸಲಿಗೆ ಇಲ್ಲ. ಎಲ್ಲಾ ಇರಬೇಕಾದ ಜಾಗದಲ್ಲೇ ಇದೆ. ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟ ಬೊಂಬೆಗಳನ್ನು ನೋಡಿದ ಹಾಗೆ.

ಎಲೆಕ್ಟ್ರಾನಿಕ್ ಕಡೆಗೆ ಬಂದರೆ ನನಗೆ ಇಷ್ಟೇ ಹತ್ತಿರದ್ದು ಬರಿಯಲ್ ಅನ್ನೋ ಸಂಗೀತಗಾರನ ಆಲ್ಬಂ 'ಅನ್‌ಟ್ರೂ'. 2007ರಲ್ಲಿ ಲಂಡನ್ನಿನ ಹೈಪರ್‌ಡಬ್ ಕಂಪನಿ ಹೊರತಂದಿದ್ದು. ಆಗ ಅವನು ಯಾರು ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಪತ್ರಿಕೆಗಳಿಗೆ ಆ ಗುಟ್ಟೇ ದೊಡ್ಡ ಸುದ್ದಿಯಾಯಿತು. ನನಗೆ ರೋಮಾಂಚನ ಆಗಿದ್ದು ಬೇರೆ ವಿಷಯಕ್ಕೆ. ಅವನು ಇದನ್ನು ಸೌಂಡ್ ಫೋರ್ಜ್‌ನಲ್ಲಿ ಮಾಡಿದ. ನಮ್ಮಂಥವರು ಒಂದು ಫೈಲ್ ಕತ್ತರಿಸೋಕೆ, ಗಲಾಟೆ ತೆಗೆಯೋಕೆ ಬಳಸುವ ಸಾಫ್ಟ್‌ವೇರ್ ಅದು. ಡ್ರಮ್ ಜೋಡಿಸುವ ಗ್ರಿಡ್ಡೇ ಇಲ್ಲದೆ, ಸ್ಕ್ರೀನಿನಲ್ಲಿ ಕಾಣುವ ಸದ್ದಿನ ಅಲೆಯ ಆಕಾರವನ್ನು ಕಣ್ಣಲ್ಲಿ ನೋಡಿಕೊಂಡು ಏಟುಗಳನ್ನು ಇಟ್ಟ. ಮೀನಿನ ಮುಳ್ಳಿನ ಹಾಗೆ ಕಂಡರೆ ಚೆನ್ನಾಗಿ ಕೇಳಿಸುತ್ತೆ ಅಂತ ಅವನಿಗೆ ಗೊತ್ತಾಗುತ್ತಿತ್ತಂತೆ. ದಿನಾ ಅದೇ ಅಲೆಗಳ ಮುಂದೆ ಕೂರುವ ನನಗೆ ಇದು ಪೂರ್ತಿ ಅರ್ಥ ಆಗುತ್ತದೆ. ಒಳ್ಳೆಯ ಏಟು ಕಿವಿಗೆ ಬೀಳೋ ಮುಂಚೆ ಕಣ್ಣಿಗೆ ಬೀಳುತ್ತದೆ.

'ಆರ್ಕ್‌ಏಂಜೆಲ್' ಕೇಳಿ. ಕಡ್ಡಿ ಮುರಿದ ಹಾಗೆ ಸಣ್ಣ ಒಣ ಏಟುಗಳು, ಹಿಂದೆ ಮಳೆಯಂಥ ಚಟಪಟ. ಗಂಡಸಿನ ದನಿಯನ್ನು ಏರಿಸಿ ಇಳಿಸಿ, ಗಂಡೋ ಹೆಣ್ಣೋ ಗೊತ್ತಾಗದ ಹಾಗೆ ಮಾಡಿದ್ದಾನೆ. ತೊಂದರೆ ಇರೋದು ಅಲ್ಲೇ. 13 ಹಾಡುಗಳಲ್ಲಿ ಆ ದನಿಯ ತಂತ್ರ ಮತ್ತೆ ಮತ್ತೆ ಬರುತ್ತದೆ. ಎಂಟನೆಯದೋ ಒಂಬತ್ತನೆಯದೋ ಬರುವಷ್ಟರಲ್ಲಿ ದುಃಖ ಅಭ್ಯಾಸವಾಗಿಬಿಟ್ಟಿರುತ್ತದೆ. ಡ್ರಮ್ಮೇ ಇಲ್ಲದ 'ಇನ್ ಮೆಕ್‌ಡೊನಾಲ್ಡ್ಸ್' ಮಧ್ಯದಲ್ಲಿ ಸಿಕ್ಕಾಗ ಸದ್ಯ ಅನ್ನಿಸುತ್ತದೆ. ಕೊನೆಯ 'ರೇವರ್'ನಲ್ಲಿ ನೆಟ್ಟಗೆ ನಡೆಯುವ ಬೀಟು ಬರುತ್ತದೆ. ಅಷ್ಟು ಹೊತ್ತು ಕುಂಟಿದ ಮೇಲೆ ಆ ನೇರ ನಡಿಗೆ ಎಷ್ಟು ದೊಡ್ಡದಾಗಿ ಕೇಳಿಸುತ್ತದೆ ಅಂದರೆ, ಗ್ರಿಡ್ಡಿನ ಮೇಲಿನ ನನ್ನ ಸಿಟ್ಟೂ ಇಳಿಯುತ್ತದೆ.

ಈಗ ನಮ್ಮಲ್ಲೂ ಕನ್ನಡ ರ‍್ಯಾಪ್ ಹುಡುಗರು ಚೆನ್ನಾಗಿ ಬರೆಯುತ್ತಿದ್ದಾರೆ. ಮಾತು ಮಂಡ್ಯದ್ದಾಗಿರುತ್ತದೆ, ಹುಬ್ಬಳ್ಳಿಯದ್ದಾಗಿರುತ್ತದೆ, ಅದರದ್ದೇ ಎಳೆತ, ಒತ್ತು ಇರುತ್ತದೆ. ಆದರೆ ನನ್ನ ಟೇಬಲ್ಲಿಗೆ ಬರುವ ಬೀಟುಗಳಲ್ಲಿ ಬಹುಪಾಲು ಸ್ಕೇಲ್ ಇಟ್ಟು ಎಳೆದ ಹಾಗಿರುತ್ತವೆ. ಮಾತಿಗೆ ಇರುವ ಊರು ಡ್ರಮ್ಮಿಗೂ ಇರಬೇಕು ಅಂತ ನನಗೆ ತುಂಬಾ ಆಸೆ.

ಆ ಜಾನಪದ ಹಾಡು ನಾನು ಕ್ಲೀನ್ ಮಾಡಿದ ಹಾಗೇ ಹೊರಗೆ ಬಂತು. ಎಡಿಟ್ ಮಾಡದ ಟೇಕ್ ನನ್ನ ಹಾರ್ಡ್ ಡಿಸ್ಕಿನಲ್ಲಿದೆ, ಅಣ್ಣನಿಗೂ ವಾಟ್ಸಾಪಿನಲ್ಲಿ ಕಳಿಸಿದ್ದೇನೆ. ಮುಂದಿನ ತಿಂಗಳು ಬೇರೆ ಒಂದು ಹಾಡಿಗೆ ಅವರನ್ನೇ ಕರೆದಿದ್ದೇವೆ. ತಾಳ ಹಿಡಿಯೋಕೆ ಕಿವಿಗೆ ಕೇಳಿಸೋ ಟಕ್ ಟಕ್ ಸದ್ದು, ಆ ಕ್ಲಿಕ್ ಟ್ರ್ಯಾಕ್ ಹಾಕೋದಿಲ್ಲ ಅಂತ ಡೈರೆಕ್ಟರಿಗೆ ಈಗಲೇ ಹೇಳಿ ಒಪ್ಪಿಸಿದ್ದೇನೆ. ತಮಟೆ ಕಾಯಿಸೋಕೆ ಈ ಸಲ ಪೇಪರ್ ಬೇಡ. ಊರಿಂದ ಒಂದು ಕಟ್ಟು ಒಣ ತೆಂಗಿನ ಗರಿ ತಂದು ಪಾರ್ಕಿಂಗಿನ ಮೂಲೆಯಲ್ಲಿ ಇಟ್ಟಿದ್ದೇನೆ.