ಕೊಡಚಾದ್ರಿ ಒಂದೂವರೆ ಗಂಟೆಯೊಳಗೆ: ಇಲ್ಲಿವರೆಗಿನ ಲೆಕ್ಕ

ಗುರಿ ಇಷ್ಟೇ. ಕಟ್ಟಿನಹೊಳೆ ಕಡೆಯಿಂದ ಜೀಪ್ ರಸ್ತೆ ಹಿಡಿದು ಓಡುತ್ತಾ, ಮೂಲ ಮೂಕಾಂಬಿಕೆ ದೇವಸ್ಥಾನ ದಾಟಿ, ಮೇಲಿನ ಸರ್ವಜ್ಞ ಪೀಠ ಮುಟ್ಟಬೇಕು. ಒಂದೂವರೆ ಗಂಟೆಯೊಳಗೆ. ಬೆಟ್ಟದ ಎತ್ತರ 1,343 ಮೀಟರ್. ಸದ್ಯಕ್ಕೆ ನನ್ನ ಒಳ್ಳೆಯ ಸಮಯ 1 ಗಂಟೆ 37 ನಿಮಿಷ. ಉಳಿದಿರುವುದು ಏಳು ನಿಮಿಷ. ಆ ಏಳು ನಿಮಿಷ ಎಲ್ಲಿಂದ ತರಬೇಕು ಅನ್ನುವುದೇ ಈಗ ತಲೆಯಲ್ಲಿ ಓಡುತ್ತಿರುವುದು.

ಮೊದಲು ನಿಯಮಗಳು. ಬೆಟ್ಟದ ಓಟದವರು ಇಂಥ ಪ್ರಯತ್ನಗಳನ್ನು ಮೂರು ಬಗೆ ಮಾಡುತ್ತಾರೆ. ದಾರಿಯಲ್ಲಿ ಬೇರೆಯವರು ನೀರು, ಊಟ ಕೊಡುವುದು ಒಂದು. ತಾನೇ ಮುಂಚೆ ಇಟ್ಟುಬಂದದ್ದನ್ನೋ, ಅಂಗಡಿಯಲ್ಲಿ ಸಿಕ್ಕಿದ್ದನ್ನೋ ಬಳಸುವುದು ಇನ್ನೊಂದು. ಬುಡದಿಂದ ತುದಿವರೆಗೆ ಬೇಕಾದ್ದನ್ನೆಲ್ಲ ಹೊತ್ತೇ ಹೋಗುವುದು ಮೂರನೆಯದು. ನನ್ನದು ಮೂರನೆಯದು. ಇನ್ನೊಂದು ನಿಯಮ ನಾನೇ ಹಾಕಿಕೊಂಡಿದ್ದು. ಹತ್ತುವುದಕ್ಕೆ ಮಾತ್ರ ಗಡಿಯಾರ, ಇಳಿಯುವುದಕ್ಕಿಲ್ಲ. ಸ್ಪೇನಿನ ಬೆಟ್ಟದ ಓಟಗಾರ ಕಿಲಿಯನ್ ಜೋರ್ನೆ 2013ರಲ್ಲಿ ಯುರೋಪಿನ ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಹತ್ತಿ ಇಳಿದದ್ದು 2 ಗಂಟೆ 52 ನಿಮಿಷದಲ್ಲಿ. 1995ರಲ್ಲಿ ಬ್ರೂನೋ ಬ್ರುನೋದ್ ಮಾಡಿದ್ದ 3 ಗಂಟೆ 14 ನಿಮಿಷದ ದಾಖಲೆ ಹಾಗೆ ಮುರಿಯಿತು. ಅಲ್ಲಿ ಇಳಿಯುವುದೂ ಲೆಕ್ಕದಲ್ಲಿ ಸೇರಿದೆ. ಆದರೆ ಕೊಡಚಾದ್ರಿಯ ಜೀಪ್ ರಸ್ತೆ ನೋಡಿದವರಿಗೆ ಗೊತ್ತು, ಆ ಉರುಟು ಕಲ್ಲು, ಕೊರಕಲಿನ ಮೇಲೆ ಓಡಿ ಇಳಿದರೆ ಮಂಡಿಗೆ ಎಷ್ಟು ಪೆಟ್ಟು ಅಂತ. ಇಳಿಯುವಾಗ ನಿಧಾನವಾಗಿ, ಕಾಡು ನೋಡುತ್ತಾ ಬರುತ್ತೇನೆ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟದ ಮಾತೇ ಇಲ್ಲ. ಜಾರುವ ಮಣ್ಣು, ಇಂಬಳ, ಎರಡು ಮಾರು ಮುಂದೆ ಕಾಣದ ಮಂಜು. ಶಿವಮೊಗ್ಗದಲ್ಲೇ ಗುಡ್ಡೇಕಲ್ ದೇವಸ್ಥಾನದ ಮೆಟ್ಟಿಲು ಹಿಡಿದೆ. ಜನ ಇರದ ಹೊತ್ತಿನಲ್ಲಿ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಒಂದೊಂದು ಸಲ ಎರಡೆರಡು ಮೆಟ್ಟಿಲು. ತೊಡೆಗೆ ಇದರಷ್ಟು ಒಳ್ಳೆಯ ಕೆಲಸ ಇನ್ನೊಂದಿಲ್ಲ. ಉಳಿದ ದಿನ ಸಮತಟ್ಟು ರಸ್ತೆಯಲ್ಲಿ ನಿಧಾನದ ಓಟ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ. ದಮ್ಮು ಬೆಳೆಯುವುದು ಅದರಲ್ಲೇ.

ದೀಪಾವಳಿ ಕಳೆದ ಮೇಲೆ

ಮೊದಲ ಪ್ರಯತ್ನಗಳು ಎರಡು ಗಂಟೆ ದಾಟಿದವು. ಬೇಜಾರೇನೂ ಆಗಲಿಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಒಂದಿದೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನನ್ನ ದಾರಿಗೆ ಆ ಲೆಕ್ಕ ಹಾಕಿದರೆ ಮೂರು ಗಂಟೆಯ ಹತ್ತಿರ ಬರುತ್ತದೆ.

ಈ ಲೆಕ್ಕ ನನಗೆ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂತು. ಬೆಟ್ಟದಲ್ಲಿ ಕಿಲೋಮೀಟರಿಗೆ ಎಷ್ಟು ನಿಮಿಷ ಅಂತ ನೋಡಿ ಏನೂ ಪ್ರಯೋಜನ ಇಲ್ಲ. ಗಂಟೆಗೆ ಎಷ್ಟು ಮೀಟರ್ ಮೇಲೆ ಹೋದೆ, ಅದನ್ನು ನೋಡಬೇಕು. ಯುರೋಪಿನಲ್ಲಿ ಇದಕ್ಕೇ ಅಂತ ಓಟಗಳಿವೆ. ಐದು ಕಿಲೋಮೀಟರ್ ಮೀರದ ದಾರಿಯಲ್ಲಿ 1,000 ಮೀಟರ್ ಮೇಲೇರಬೇಕು, ವರ್ಟಿಕಲ್ ಕಿಲೋಮೀಟರ್ ಅಂತ ಹೆಸರು. ನಾನೂ ವಾಚಿನ ಪರದೆಯಿಂದ ಕಿಲೋಮೀಟರ್ ತೆಗೆದು ಏರಿನ ವೇಗ ಮಾತ್ರ ಇಟ್ಟುಕೊಂಡೆ. ಕಡಿದಾದ ಭಾಗಗಳಲ್ಲಿ ಆಗ ಗಂಟೆಗೆ 550 ಮೀಟರ್ ಬರುತ್ತಿತ್ತು.

ವಾಚಿನ ಬಗ್ಗೆ ಒಂದು ಮಾತು. ದಟ್ಟ ಕಾಡಿನ ಕೆಳಗೆ ಜಿಪಿಎಸ್ ಎತ್ತರವನ್ನು ನಂಬುವ ಹಾಗಿಲ್ಲ. ಗಾಳಿಯ ಒತ್ತಡ ಅಳೆಯುವ ವಾಚು ಮೇಲು. ಅದಕ್ಕೂ ಹವೆ ಬದಲಾದರೆ ಲೆಕ್ಕ ತಪ್ಪುತ್ತದೆ. ಒಂದು ಮಿಲಿಬಾರ್ ಒತ್ತಡ ಇಳಿದರೆ ಸುಮಾರು ಎಂಟು ಮೀಟರ್ ಮೇಲೆ ಬಂದೆವು ಅಂದುಕೊಳ್ಳುತ್ತದೆ. ಅದಕ್ಕೆ ಪೀಠದ ಹತ್ತಿರ ನಿಂತಾಗಲೆಲ್ಲ 1,343ಕ್ಕೆ ಸರಿ ಮಾಡಿಕೊಳ್ಳುತ್ತೇನೆ.

ಸಂಕ್ರಾಂತಿ ಹೊತ್ತಿಗೆ

ಸಮಯ ದೊಡ್ಡದಾಗಿ ಇಳಿದದ್ದು ಈ ತಿಂಗಳಲ್ಲಿ. ಕಾರಣ ಓಟ ಅಲ್ಲ, ನಡಿಗೆ. ಏರು ಸುಮಾರು 15 ಡಿಗ್ರಿ ದಾಟಿದ ಮೇಲೆ, ಒಂದೇ ವೇಗದಲ್ಲಿ ಮೇಲೇರುವುದಾದರೆ, ಓಡುವುದಕ್ಕಿಂತ ನಡೆಯುವುದಕ್ಕೆ ಕಡಿಮೆ ಶಕ್ತಿ ಸಾಕು ಅಂತ ಪ್ರಯೋಗಗಳಲ್ಲಿ ಕಂಡಿದೆ. ಮೈ ಮುಂದಕ್ಕೆ ಬಾಗಿಸಿ, ಅಂಗೈ ತೊಡೆಯ ಮೇಲೆ ಮಂಡಿಗಿಂತ ಸ್ವಲ್ಪ ಮೇಲೆ ಒತ್ತಿ, ಹೆಜ್ಜೆ ಚಿಕ್ಕದು ಮಾಡಿ ಬಿಡದೆ ನಡೆಯುವುದು. ನಮ್ಮ ಕಡೆ ಗದ್ದೆಯಿಂದ ಹುಲ್ಲಿನ ಹೊರೆ ಹೊತ್ತು ದರೆ ಹತ್ತುವವರ ನಡಿಗೆ ನೋಡಿದ್ದೀರಲ್ವಾ, ಥೇಟ್ ಹಾಗೇ. ಏರು ಸ್ವಲ್ಪ ಸಡಿಲವಾದ ಕೂಡಲೇ ಓಟ. ನಡಿಗೆಯಿಂದ ಓಟಕ್ಕೆ ಬದಲಾಗುವ ಆ ಹತ್ತು ಹೆಜ್ಜೆಯನ್ನೇ ಬೇರೆಯಾಗಿ ಅಭ್ಯಾಸ ಮಾಡಿದೆ. ಸುಮ್ನೆ ಅಲ್ಲ, ನಿಮಿಷಗಳು ಉಳಿಯುವುದು ಅಲ್ಲೇ. ಗಂಟೆಗೆ 550 ಇದ್ದದ್ದು 700ರ ಮೇಲೆ ಹೋಯಿತು.

ಹಿಂದಿನ ರಾತ್ರಿ ನಿಟ್ಟೂರಿನ ಹತ್ತಿರ ದೊಡ್ಡಮ್ಮನ ಮನೆಯಲ್ಲಿ ಉಳಿಯುತ್ತೇನೆ. ಬೆಳಗ್ಗೆ ಬರೀ ಬಾಳೆಹಣ್ಣು, ಅವಲಕ್ಕಿ ಅಂದರೆ ಅವರಿಗೆ ಸಮಾಧಾನ ಇಲ್ಲ. "ಕಡುಬು ತಿಂದು ಹೋಗೋ, ಬೆಟ್ಟ ಎಲ್ಲಿಗೂ ಓಡಿಹೋಗಲ್ಲ" ಅನ್ನುತ್ತಾರೆ. ಕಡುಬು ವಾಪಸ್ ಬಂದ ಮೇಲೆ. ಬಾಟಲಿಗೆ ಮನೆಯಲ್ಲೇ ಮಾಡಿದ ಉಪ್ಪು ಸಕ್ಕರೆ ನೀರು. ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಹಾ ಚಮಚದಲ್ಲಿ, ಅಂಚಿಗೆ ಮಟ್ಟವಾಗಿ. ಅದಕ್ಕೆ ಸ್ವಲ್ಪ ಮುರುಗಲ ಹುಳಿ ಹಿಂಡುತ್ತೇನೆ, ಕುಡಿಯಲು ಹಿತ.

ಶಿವರಾತ್ರಿ ಆದ ವಾರ

1 ಗಂಟೆ 37 ನಿಮಿಷ. ಹೊತ್ತಿಗೆ ಸರಿಯಾಗಿ ಹೊರಟಿದ್ದೇ ಅರ್ಧ ಕೆಲಸ ಮಾಡಿತು. ಜೀಪಿನ ಡ್ರೈವರ್ ಒಬ್ಬರು ಮೊದಲೇ ಹೇಳಿದ್ದರು: "ಅಣ್ಣಾ, ಗಾಡಿ ಶುರುವಾಗೋದ್ರೊಳಗೆ ಹತ್ತಿಬಿಡಿ. ಆಮೇಲೆ ಬರೀ ಧೂಳು." ಹೌದು, ಫೆಬ್ರವರಿಯಲ್ಲಿ ಒಂದು ಜೀಪ್ ಹೋದರೆ ಅದರ ಹಿಂದೆ ಉಸಿರು ಎಳೆಯಲು ಆಗುವುದಿಲ್ಲ.

ದೇವಸ್ಥಾನದವರೆಗೆ ಲೆಕ್ಕದ ಪ್ರಕಾರವೇ ಬಂದೆ. ಅಲ್ಲಿನ ಹಳೆಯ ಕಬ್ಬಿಣದ ಕಂಬದ ಹತ್ತಿರ ಗಡಿಯಾರ ನೋಡಿದಾಗ ಒಂದೂವರೆ ಗಂಟೆಯೂ ಸಿಗುತ್ತದೆ ಅನ್ನಿಸಿತ್ತು. ಆದರೆ ಜೀಪ್ ನಿಲ್ಲುವ ಜಾಗದಿಂದ ಮೇಲೆ, ಗಣೇಶ ಗುಹೆ ದಾಟಿ ಪೀಠಕ್ಕೆ ಹೋಗುವ ಕಾಲುದಾರಿ ಬೇರೆಯದೇ ಆಟ. ಕಡಿದು, ಕಲ್ಲು, ಅಲ್ಲಲ್ಲಿ ಇಕ್ಕಟ್ಟು. ಪೀಠಕ್ಕೆ ಹೋಗುವ ಭಕ್ತರೂ ಅದೇ ದಾರಿಯಲ್ಲಿ ಬರುತ್ತಾರೆ. ವಯಸ್ಸಾದವರು ಕೋಲು ಊರಿ ಹತ್ತುತ್ತಿರುವಾಗ ಅವರ ಮೈಗೆ ತಾಗಿಕೊಂಡು ನುಗ್ಗಲು ನನಗೆ ಮನಸ್ಸಿಲ್ಲ. ಅಲ್ಲಿ ನಿಂತು ದಾರಿ ಬಿಟ್ಟೇ ಹೋಗುತ್ತೇನೆ. ಆ ಸಮಯವನ್ನು ಲೆಕ್ಕದಿಂದ ಕಳೆಯುವುದೂ ಇಲ್ಲ. ಗಡಿಯಾರ ಓಡುತ್ತಲೇ ಇರಬೇಕು.

ಹಾಗಾಗಿ ಏಳು ನಿಮಿಷ ಸಿಗುವುದಿದ್ದರೆ ಈ ಕೊನೆಯ ತುಂಡಿನಲ್ಲೇ ಹೆಚ್ಚು. ಅಲ್ಲಿ ತೊಡೆ ಸೋತಿರುತ್ತದೆ, ಹೆಜ್ಜೆ ಎಳೆಯುತ್ತದೆ. ಈಗ ಗುಡ್ಡೇಕಲ್ ಮೆಟ್ಟಿಲನ್ನು ಓಟದ ಮೊದಲು ಮಾಡುವ ಬದಲು ಒಂದು ಗಂಟೆಯ ಓಟ ಮುಗಿದ ಮೇಲೆ, ಸುಸ್ತಾದ ಕಾಲಿನಲ್ಲೇ ಮಾಡುತ್ತಿದ್ದೇನೆ. ಜೊತೆಗೆ ಕೆಳಗಿನ ಸಡಿಲ ಏರುಗಳಲ್ಲಿ ಸ್ವಲ್ಪ ಹಿಡಿದು ಓಡಿ, ಮೇಲಿನ ತುಂಡಿಗೆ ಶಕ್ತಿ ಉಳಿಸುವ ಯೋಚನೆ.

ಬಿಸಿಲು ಏರುತ್ತಿದೆ, ಮೇಲಿನ ಹುಲ್ಲು ಒಣಗಿದೆ. ಬೆಂಕಿಯ ಭಯಕ್ಕೆ ದಾರಿ ಮುಚ್ಚಿದರೆ ಹೋಗುವ ಹಾಗಿಲ್ಲ. ತೆರೆದಿದ್ದರೆ, ಅರಣ್ಯ ಇಲಾಖೆಯ ಅನುಮತಿ ತಗೊಂಡು, ಯುಗಾದಿ ಕಳೆದ ಮೇಲೆ ಒಂದು ಕೆಲಸದ ದಿನ, ಜನ ಕಡಿಮೆ ಇರುವಾಗ ಮತ್ತೆ ಹೊರಡುತ್ತೇನೆ. ಆಗದಿದ್ದರೆ ಮುಂದಿನ ನವೆಂಬರ್.